ಬಸ್ಸು ನಿಂತ ಸಿನಿಮಾ

ನಮ್ಮೂರ ಲೈಬ್ರರಿಯಿಂದ ಸಿನಿಮಾ ಡಿವಿಡಿ ಒಯ್ದವರು ವಾಪಸ್ ಕೊಡುವಾಗ ಡಬ್ಬಿಯೊಳಗಿನ ಚೀಟಿಯಲ್ಲಿ ಒಂದು ಸಾಲು ಬರೆಯಬೇಕು, ಹೇಗಿತ್ತು ಅಂತ. ಒಂದೇ ಸಾಲು, ಕೆಳಗೆ ಹೆಸರು. ಕ್ಯಾಸೆಟ್ಟಿನ ಕಾಲದಿಂದ ಬಂದ ಪದ್ಧತಿ. ಸುಪೀರಿಯರ್ ಸರೋವರದ ಈ ದಂಡೆಗೆ ಇಂಟರ್ನೆಟ್ಟು ಕುಂಟುತ್ತಾ ಬರುತ್ತದೆ, ಹಿಮ ಮಾತ್ರ ಓಡೋಡಿ ಬರುತ್ತದೆ. ಹಾಗಾಗಿ ಚಳಿಗಾಲ ಪೂರ್ತಿ ಆ ಚೀಟಿಗಳೇ ನಮಗೆ ಪೇಪರು. ಸಿನಿಮಾ ನೋಡದೆ ಬರೆದು ಸಿಕ್ಕಿಬಿದ್ದರೆ ಹೆಸರಿಗೆ ಗೆರೆ ಹೊಡೆಯುತ್ತಾರೆ, ಆಮೇಲೆ ಜನ್ಮದಲ್ಲಿ ಬರೆಯುವ ಹಾಗಿಲ್ಲ. ಈವರೆಗೆ ಗೆರೆ ಹೊಡೆಸಿಕೊಂಡವರು ಇಬ್ಬರೇ. ಅದರಲ್ಲೊಬ್ಬರು ಪಾದ್ರಿ.

ಆ ಚೀಟಿಯಲ್ಲಿ ಜನ ಮೊದಲು ಹುಡುಕುವುದು ನನ್ನ ಗಂಡ ಸುಲೋನ ಸಾಲನ್ನು. ಜಂಭ ಕೊಚ್ಚುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ಜಂಭವೇ. ನಲವತ್ತು ವರ್ಷ ಕಬ್ಬಿಣದ ಗಣಿಯಲ್ಲಿ ಟ್ರಕ್ಕು ಓಡಿಸಿದವನು, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಬರೆಯುವುದು ನೋಡಿ: 'ಗಂಡಸು ಅತ್ತದ್ದು ನಿಜ, ಮಳೆ ಸುಳ್ಳು.' ಇನ್ನೊಂದರಲ್ಲಿ: 'ಆ ಟ್ರಕ್ಕು ಆ ಏರು ಹತ್ತುವುದಿಲ್ಲ, ಉಳಿದದ್ದು ಪರವಾಗಿಲ್ಲ.' ನಮ್ಮ ಕಡೆ ಪರವಾಗಿಲ್ಲ ಅನ್ನಿಸಿಕೊಂಡರೆ ಪದಕ ಸಿಕ್ಕ ಹಾಗೆ. ನಮ್ಮ ಮದುವೆಯ ದಿನ ನನ್ನ ಬಗ್ಗೆ ಅವನು ಹೇಳಿದ್ದೂ ಅಷ್ಟೇ.

ಊರಿಗೆ ಗೊತ್ತಿಲ್ಲದ್ದು ಒಂದಿತ್ತು. ಎರಡು ವರ್ಷದಿಂದ ಸುಲೋನ ಕಣ್ಣಿನ ನಡುಭಾಗ ಪೂರ್ತಿ ಮಸುಕು. ಅಂಚಿನಲ್ಲಿ ಬಾಗಿಲು, ಮೆಟ್ಟಿಲು, ಯಾರೋ ನಿಂತದ್ದು ಕಾಣುತ್ತದೆ. ಮುಖ ಕಾಣುವುದಿಲ್ಲ, ಟಿ.ವಿ. ಕಾಣುವುದಿಲ್ಲ. ಕಾರು ಓಡಿಸುವುದನ್ನು ಬಿಟ್ಟಿದ್ದಕ್ಕೆ ಎಲ್ಲರಿಗೂ ಮಂಡಿನೋವು ಅಂತ ಹೇಳಿದ್ದೆವು.

"ಬಾಯಿ ಬಿಟ್ಟೀಯ, ಜೋಕೆ," ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. "ಕಣ್ಣು ಕಾಣದವನು ಸಿನಿಮಾ ಬಗ್ಗೆ ಬರೀತಾನೆ ಅಂತ ನಗ್ತಾರೆ. ಆಮೇಲೆ ನನ್ನ ಸಾಲು ಯಾರು ಓದ್ತಾರೆ ಲೆಂಪಿ? ನಂಗಿರೋದು ಅದೊಂದೇ ಈಗ."

ಹಾಗಾಗಿ ಸಿನಿಮಾ ಹಚ್ಚಿದರೆ ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಅವಳು ಕಿಟಕಿ ಹತ್ರ ಹೋದಳು, ಇವನು ಕೋಟು ಹಾಕಿಕೊಂಡ, ಹೀಗೆ. ಮಾತು ಅವನಿಗೇ ಕೇಳಿಸುತ್ತದೆ, ಕಿವಿ ಚುರುಕು. ಮಾತಿಲ್ಲದ ಜಾಗ ಮಾತ್ರ ನನ್ನದು. ಕೊನೆಯಲ್ಲಿ ಅವನು ಯೋಚಿಸಿ ಒಂದು ಸಾಲು ಹೇಳುತ್ತಾನೆ, ನಾನು ಬರೆಯುತ್ತೇನೆ.

ಈಗ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನನಗೆ ಸ್ವಲ್ಪ ಮುಂಗೋಪ. ಎರಡು ಗಂಟೆ ನಮ್ಮನ್ನು ಕೂರಿಸಿಕೊಂಡು ಕೊನೆಗೆ ಕೈ ಎತ್ತಿಬಿಡುವ ಸಿನಿಮಾ ಕಂಡರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಮಾತಿಲ್ಲದ ಜಾಗದಲ್ಲಿ ಅಷ್ಟಿಷ್ಟು ರಿಪೇರಿ ಮಾಡುತ್ತಿದ್ದೆ. ಚಳಿಯಲ್ಲಿ ನಡುಗುವ ಹುಡುಗಿಗೆ ಟೋಪಿ ಹಾಕುತ್ತಿದ್ದೆ. ನಾಯಿ ಸತ್ತರೆ ನನ್ನ ಬಾಯಲ್ಲಿ ಅದು ಬದುಕುತ್ತಿತ್ತು.

ಜನವರಿಯಲ್ಲಿ ಒಂದು ಮೀನುಗಾರನ ಸಿನಿಮಾ ತಂದೆವು. ಅಪ್ಪ, ಮಗಳು, ಜಗಳ. ಕೊನೆಗೆ ಮಗಳು ಬಸ್ಸು ಹತ್ತುತ್ತಾಳೆ, ಅಪ್ಪ ದಡದಲ್ಲಿ ಹರಿದ ಬಲೆ ಹಿಡಿದು ನಿಂತಿರುತ್ತಾನೆ, ಬಸ್ಸು ಹೋಗುತ್ತದೆ. ಅಷ್ಟೇ. ನನಗೆ ರೇಗಿಹೋಯಿತು. ಪಿಟೀಲು ಕುಯ್ಯುತ್ತಲೇ ಇತ್ತು, ಪರದೆ ಮೇಲೆ ಹೆಸರುಗಳು ಓಡುತ್ತಿದ್ದವು. "ಬಸ್ಸು ನಿಂತಿತು," ಅಂದೆ. "ಅವಳು ಇಳಿದಳು. ತಿರುಗಿ ಬರ್ತಿದಾಳೆ. ಅಪ್ಪ ನೋಡಿದ್ರೂ ನೋಡದ ಹಾಗೆ ಇದಾನೆ. ಅವಳು ಬಲೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ರೂ ಹೊಲೀತಿದಾರೆ."

ಸುಲೋ ಮೂಗು ಒರೆಸಿಕೊಂಡ. ಆಮೇಲೆ ಹೇಳಿ ಬರೆಸಿದ: 'ಮಗಳು ಬಲೆಯ ಇನ್ನೊಂದು ತುದಿ ಹಿಡಿಯುತ್ತಾಳಲ್ಲ, ಅದಕ್ಕಾಗಿಯೇ ನೋಡಿ.' ಬೇಡ ಅನ್ನಬೇಕಿತ್ತು. ಅವನ ಮುಖದಲ್ಲಿ ಅಷ್ಟು ತೃಪ್ತಿ ಇದ್ದಾಗ ನನ್ನ ಕೈಲಾಗಲಿಲ್ಲ, ಬರೆದೆ.

ಮೂರು ವಾರದ ಮೇಲೆ, ಗುರುವಾರ ಮಧ್ಯಾಹ್ನ, ಎಂದಿನಂತೆ ಏಲಕ್ಕಿ ಬ್ರೆಡ್ಡು ಕಟ್ಟಿಕೊಂಡು ಇಬ್ಬರೂ ಲೈಬ್ರರಿಗೆ ಹೋದೆವು. ಕಾಫಿ ಮೇಜಿನ ಸುತ್ತ ಏಳೆಂಟು ಜನ ಕೂತಿದ್ದರು. ಮೇಜಿನ ಮೇಲೆ ಆ ಮೀನುಗಾರನ ಡಬ್ಬಿ. ಅದರ ಮುಂದೆ ಅರ್ವಿಡ್. ಸುಲೋನ ಜೊತೆ ಗಣಿಯಲ್ಲಿ ದುಡಿದವನು, ಪ್ರತಿ ಶನಿವಾರ ನಮ್ಮ ಮನೆಯ ಹಬೆಕೋಣೆ ಸೌನಾದಲ್ಲಿ ಬೆವರು ಹರಿಸಿ, ನಮ್ಮದೇ ಕಾಫಿ ಕುಡಿದು, ನಮ್ಮನ್ನೇ ಬೈದು ಹೋಗುವವನು.

"ಬಾರೋ ದೊಡ್ಡ ಮನುಷ್ಯ," ಅಂದ ಅರ್ವಿಡ್. "ಬಲೆಯ ತುದಿ ಎಲ್ಲಿದೆ ತೋರ್ಸು."

"ಕೊನೇಲಿ," ಅಂದ ಸುಲೋ.

"ಕೊನೇಲಿ ಬಸ್ಸು ಹೋಗುತ್ತೆ. ಮೂರು ಸಲ ನೋಡ್ದೆ ಮಾರಾಯ, ಮೂರು ಸಲ. ಹೆಸರೆಲ್ಲ ಮುಗಿದು ಪರದೆ ಕಪ್ಪಾಗೋ ತನಕ ಕೂತಿದ್ದೆ."

ಲೈಬ್ರರಿ ನೋಡಿಕೊಳ್ಳುವ ವರ್ನಾ, ಒಳ್ಳೆಯ ಹೆಂಗಸು, ತಲೆ ಎತ್ತದೆ ಹೇಳಿದಳು: "ಹನ್ನೊಂದು ಜನ ಒಯ್ದಿದಾರೆ, ಯಾರಿಗೂ ಸಿಕ್ಕಿಲ್ಲ. ಡಿಸ್ಕು ಕೆಟ್ಟಿರ್ಬೇಕು ಅಂತ ಬೇರೆ ಊರಿಂದ ಇನ್ನೊಂದು ತರಿಸ್ದೆ. ಅದ್ರಲ್ಲೂ ಇಲ್ಲ. ಸುಲೋ, ನನ್ನನ್ನ ತಪ್ಪು ತಿಳ್ಕೋಬೇಡಿ. ನೀವು ಪೂರ್ತಿ ನೋಡಿದ್ರಾ?"

"ನೋಡಿಲ್ಲ ಇವ್ನು," ಅಂದ ಅರ್ವಿಡ್. "ಗೆರೆ ಹೊಡೀರಿ. ಪಾದ್ರಿಗೊಂದು ನ್ಯಾಯ, ಇವ್ನಿಗೊಂದು ನ್ಯಾಯನಾ?"

ವರ್ನಾಳ ಕೈಯಲ್ಲಿ ಪೆನ್ನಿತ್ತು. ಆ ಕೊನೆ ನಾನೇ ಕಟ್ಟಿ ಹೇಳಿದ್ದು ಅಂತ ಒಪ್ಪಿಕೊಂಡರೆ ಯಾಕೆ ಹೇಳಬೇಕಾಯಿತು ಎಂಬ ಪ್ರಶ್ನೆ ಬರುತ್ತದೆ, ಅವನ ಕಣ್ಣಿನ ಕಥೆ ಬಯಲಾಗುತ್ತದೆ. ಸುಮ್ಮನಿದ್ದರೆ ಅವನ ಹೆಸರು ಹೋಗುತ್ತದೆ. ಅಷ್ಟರಲ್ಲಿ ಸುಲೋ ನನ್ನ ಕಡೆ ತಿರುಗಿದ.

"ಲೆಂಪಿ. ಬಸ್ಸು ನಿಲ್ಲಲ್ವಾ?"

"ಇಲ್ಲ."

"ಅವ್ಳು ಇಳಿಯೋದೇ ಇಲ್ವಾ?"

"ಇಲ್ಲ ಸುಲೋ."

"ಕ್ರಿಸ್‌ಮಸ್ ಹೊತ್ತಲ್ಲಿ ನೋಡಿದ್ವಲ್ಲ, ಆ ನಾಯಿ?" ಅಂದ.

"ಸತ್ತೋಯ್ತು."

ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಎರಡು ವರ್ಷ ನನ್ನನ್ನು ಕಣ್ಣುಮುಚ್ಚಿ ನಂಬಿದವನಿಗೆ ನಾನು ಮಾಡಿದ್ದು ಇದು. ಬೈಯಲಿ, ಎದ್ದು ಹೋಗಲಿ, ಯಾವುದಕ್ಕೂ ಸಿದ್ಧಳಾಗಿ ನಿಂತೆ.

ಸುಲೋ ಕುರ್ಚಿ ತಡವಿ ಕೂತ. ಅರ್ವಿಡ್‌ನ ಮುಖ ಇರಬಹುದು ಅಂದುಕೊಂಡ ಕಡೆ ನೋಡಿದ, ಒಂದು ಗೇಣು ಆಚೆ. "ಕಣ್ಣು ಹೋಗಿದೆ ಅರ್ವಿಡ್. ಎರಡು ವರ್ಷ ಆಯ್ತು. ಮಂಡಿ ನೆಟ್ಟಗೇ ಇದೆ. ಸಿನಿಮಾ ಎಲ್ಲ ಇವ್ಳು ಹೇಳ್ತಾಳೆ, ನಾನು ಕೇಳ್ತೀನಿ. ಇವ್ಳು ಹೇಳಿದ ಕೊನೆ ಆ ಸಿನಿಮಾ ಮಾಡಿದವ್ರಿಗೇ ಹೊಳೆದಿಲ್ಲ ಅಂದ್ರೆ ಅದು ಅವ್ರ ಹಣೆಬರಹ. ವರ್ನಾ, ನನ್ನ ಹೆಸರಿಗೆ ಗೆರೆ ಹೊಡಿ, ನ್ಯಾಯವೇ. ಅದ್ರ ಕೆಳಗೆ ಲೆಂಪಿ ಅಂತ ಬರಿ. ಆ ಸಾಲು ಅವ್ಳದ್ದು."

ಐವತ್ತೊಂದು ವರ್ಷದ ಸಂಸಾರದಲ್ಲಿ ಹತ್ತು ಜನರೆದುರು ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು. ಕತ್ತು ತಾನಾಗಿ ಮೇಲೆದ್ದಿತು. ಹೆಮ್ಮೆಯಿಂದ ಬೀಗಿದೆ, ಮುಚ್ಚಿಡುವುದೇನು? ವರ್ನಾ ಪೆನ್ನಿನ ಮುಚ್ಚಳ ಹಾಕಿ ಅದನ್ನು ಡ್ರಾಯರಿನೊಳಗೆ ತಳ್ಳಿದಳು. ಗೆರೆಯನ್ನೇ ಹೊಡೆಯಲಿಲ್ಲ.

ಅರ್ವಿಡ್ ಮಾತ್ರ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ. "ಯಾರೂ ಗಮನಿಸದ ಜಾಗದಲ್ಲಿ ಇರ್ಬಹುದೇನೋ ಅಂತ ಮೂರು ಸಲ ನೋಡ್ದೆ," ಅಂದ. ದನಿ ಇಳಿದಿತ್ತು. "ನೀನು ಸುಳ್ಳು ಬರೆಯೋನಲ್ಲ, ಅವ್ಳು ಇಳಿದೇ ಇಳೀತಾಳೆ ಅಂತ ಕೂತೇ ಇದ್ದೆ ಕಣೋ."

ಅವನ ಮಗಳು ಅವನೊಡನೆ ಜಗಳವಾಡಿ ಡುಲೂತ್ ಪಟ್ಟಣಕ್ಕೆ ಹೋಗಿ ಏಳು ವರ್ಷವಾಗಿತ್ತು. ಫೋನೂ ಇಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ನನಗೂ. ಅವನ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಅದು ಹೇಗೆ ಇಳಿದಳು ಅಂತ ನಂಗೂ ಹೇಳ್ತೀಯಾ ಲೆಂಪಿ?" ಅಂದ.

ನಾನು ಕೋಟು ಬಿಚ್ಚಿ ಕೂತೆ. ಬಾಯಿ ತೆರೆಯುವಷ್ಟರಲ್ಲಿ ಸುಲೋ ಮೇಜು ತಟ್ಟಿದ.

"ಮೊದ್ಲು ಕಣ್ಣು ಮುಚ್ಚೋ," ಅಂದ ಅರ್ವಿಡ್‌ಗೆ, ಯಜಮಾನನ ಗತ್ತಿನಲ್ಲಿ. "ಕಣ್ಣು ಬಿಟ್ಕೊಂಡಿದ್ರೆ ಇವ್ಳ ಸಿನಿಮಾ ಕಾಣಲ್ಲ."

ಜನ್ಮದಲ್ಲಿ ಒಬ್ಬರ ಮಾತೂ ಕೇಳದ ಅರ್ವಿಡ್ ಎರಡು ಕೈಯಲ್ಲೂ ಡಬ್ಬಿ ಹಿಡಿದುಕೊಂಡು ಕಣ್ಣು ಮುಚ್ಚಿದ.