ಚಕ್ರದ ಮೇಲಿನ ಅಂಗೈ

ಗಾಡಿ ನಿಂತಲ್ಲೆಲ್ಲ ಲೋರ್ನಾ ಮೊದಲು ಇಳಿದು, ಹಿಂದೆ ಕಟ್ಟಿದ ಟ್ರೇಲರಿನ ಎರಡೂ ಚಕ್ರಗಳಿಗೆ ಅಂಗೈ ಇಟ್ಟು ನೋಡುತ್ತಾಳೆ, ಮಗುವಿನ ಹಣೆ ಮುಟ್ಟಿದ ಹಾಗೆ. ವಯಸ್ಸು ಅರವತ್ತೆಂಟು, ಎಡಗಾಲನ್ನು ತುಸು ಎಳೆದಿಡುವ ನಡಿಗೆ, ಮೈಮೇಲೆ ಗಂಡ ಡಡ್ಲಿಯ ಹಳೆಯ ಖಾಕಿ ಅಂಗಿ. "ಏನಂತೆ ಡಾಕ್ಟರಮ್ಮ, ಜ್ವರ ಇಳಿದಿದೆಯಾ?" ಎಂದು ಡಡ್ಲಿ ಗೇಲಿ ಮಾಡುವಷ್ಟರಲ್ಲಿ ಅವಳು ಚಹಾಕ್ಕೆ ನೀರಿಡಲು ಹೋಗಿರುತ್ತಾಳೆ.

ಪ್ರತಿ ಚಳಿಗಾಲವೂ ಇಬ್ಬರೂ ಆಸ್ಟ್ರೇಲಿಯಾದ ಅಡಿಲೇಡಿನಿಂದ ಫ್ಲಿಂಡರ್ಸ್ ಬೆಟ್ಟಗಳಿಗೆ ಹೋಗುತ್ತಾರೆ. ರಜೆ ಡಡ್ಲಿಗೆ, ಅವಳಿಗೆ ಅದೇ ಅಡುಗೆಮನೆ, ಗೋಡೆಗಳಿಲ್ಲ ಅಷ್ಟೆ. "ಲೋರ್ನಾ, ಉಪ್ಪೆಲ್ಲಿ?" "ಲೋರ್ನಾ, ನನ್ನ ಟೋಪಿ?" ಆದರೆ ಬೆಳಗ್ಗೆ ಅವನು ಏಳುವ ಮುನ್ನ, ಕೆಂಪು ಬೆಟ್ಟದೆದುರು ಮಡಚುವ ಕುರ್ಚಿಯಲ್ಲಿ ಅವಳೊಬ್ಬಳೇ ಕೂರುವ ಒಂದು ಗಂಟೆ ಇದೆ. ಅವಳು ವರ್ಷವಿಡೀ ಕಾಯುವುದು ಅದಕ್ಕಾಗಿ. ಕಳೆದ ಸಲ ಟೈರು ಸಿಡಿದಾಗ ಡಡ್ಲಿ ಶಪಥ ಮಾಡಿದ್ದ: "ಇನ್ನೊಂದ್ಸಲ ಹೀಗಾದ್ರೆ ಈ ದರಿದ್ರ ಟ್ರೇಲರನ್ನ ಮಾರಿಬಿಡ್ತೀನಿ." ಸ್ಟೆಪ್ನಿಯ ಜಾಗಕ್ಕೆ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯದನ್ನೇ ಸಿಕ್ಕಿಸಿದ್ದ.

ಟೈರಿನ ಪಕ್ಕೆಯಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳಿರುತ್ತವೆ. ಈ ಸಲ ಹೊರಡುವ ಬೆಳಗ್ಗೆ, ಡಬ್ಬಿಗಳ ತಾರೀಖು ನೋಡಿ ಪಳಗಿದ ಅವಳ ಕಣ್ಣು ಚಕ್ರದ ಟೈರುಗಳಲ್ಲಿ ಅವನ್ನು ಓದಿತು.

"ಹತ್ತು ವರ್ಷ ಆಗಿದೆ ಕಣೋ."

ಡಡ್ಲಿ ಟೈರಿನ ಗೆರೆಗಳಿಗೆ ಹೆಬ್ಬೆರಳೊತ್ತಿದ. "ಒಂಚೂರೂ ಸವೆದಿಲ್ಲ. ಹನ್ನೊಂದು ತಿಂಗಳು ಮನೇಲೇ ನಿಂತಿರುತ್ತಲ್ಲ."

"ನಿಂತೂ ನಿಂತೂನೇ ರಬ್ಬರ್ ಬಿರಿಯೋದು."

ಅವನಾಗಲೇ ಬಿಯರು ಪೆಟ್ಟಿಗೆ ಏರಿಸುತ್ತಿದ್ದ.

ಹಾಕರ್ ಊರಿಗೆ ಐವತ್ತು ಕಿಲೋಮೀಟರು ಇರುವಾಗ, ಗಾಡಿ ನಿಂತಲ್ಲಿ ಅವಳು ಚಕ್ರ ಮುಟ್ಟಿ, "ಎಡಗಡೇದು ಸುಡ್ತಿದೆ, ಆರಲಿ" ಎಂದಳು. ಅವನು ಕಾಯದೆ ಗಾಡಿ ಹೊರಡಿಸಿದ. ಹತ್ತೇ ನಿಮಿಷಕ್ಕೆ ಢಮಾರೆಂದಿತು.

"ಮುಗೀತು. ಊಟದ ಹೊತ್ತಿಗೆ ವಾಪಸ್ ತಿರುಗಿಸ್ತೀನಿ, ಮನೆಗೆ ಹೋಗ್ತಿದ್ದ ಹಾಗೇ ಮಾರಾಟಕ್ಕೆ ಬೋರ್ಡು," ಎಂದ ಡಡ್ಲಿ ಸುತ್ತ ನೋಡಿದ. "ಜಾಕೆಲ್ಲಿ?"

"ಆಲೂಗಡ್ಡೆ ಚೀಲದ ಹಿಂದೆ."

ಸ್ಟೆಪ್ನಿಯ ಹೊದಿಕೆ ಬಿಚ್ಚಿದವನು ಹಾಗೇ ನಿಂತ. ಕರ್ರಗಿನ ಹೊಸ ರಬ್ಬರು, ಮೇಲೆ ಇನ್ನೂ ಸವೆಯದ ಸಣ್ಣ ಸಣ್ಣ ರಬ್ಬರು ಕೂದಲು. ಬಗ್ಗಿ, ಜೀವನದಲ್ಲಿ ಮೊದಲ ಸಲ, ಆ ನಾಲ್ಕು ಅಂಕಿ ಓದಿದ.

"ಇದ್ಯಾವಾಗ ಮಾಡ್ಸಿದೆ?"

"ಹೋದ ತಿಂಗಳು ನೀನು ಮೀನು ಹಿಡಿಯೋಕೆ ಹೋಗಿದ್ದೆಯಲ್ಲ, ಆವತ್ತು. ಇನ್ನೊಂದನ್ನ ಹಾಕರ್‌ನಲ್ಲಿ ಬದಲಾಯಿಸೋಣ. ಅಲ್ಲೀವರೆಗೆ ಸ್ಪೀಡು ಅರವತ್ತು ದಾಟಬಾರದು. ಕೀ ಕೊಡು, ನಾನೇ ಓಡಿಸ್ತೀನಿ."

ಕೊಟ್ಟ.

ಅರ್ಧ ಗಂಟೆಯ ಮೇಲೆ ಅವಳು ನಿಲ್ಲಿಸಿದಾಗ ಮೊದಲು ಇಳಿದವನು ಡಡ್ಲಿ. ಚಕ್ರದ ಮೇಲೆ ಅಂಗೈಯಿಟ್ಟು, "ಬೆಚ್ಚಗಿದೆ ಕಣೇ, ಸುಡ್ತಿಲ್ಲ" ಎಂದ. ಆಮೇಲೆ ಹಿಂದಿನ ಬಾಗಿಲು ತೆಗೆದ. "ಚಹಾಪುಡಿ ಎಲ್ಲಿ?"

"ಹುಡುಕು," ಎಂದು ಲೋರ್ನಾ ಸೀಟನ್ನು ಹಿಂದಕ್ಕೊರಗಿಸಿಕೊಂಡಳು.

ಮುಂಚೆಯೇ ಮುಟ್ಟಿ ನೋಡುವ ಇಂಥವರಿಗೆ ಮನೆಯವರು ಇಡುವ ಹೆಸರು ಪುಕ್ಕಲರೆಂದು. ಊರು ತಲುಪಿದ ಪ್ರಯಾಣಗಳ ಕತೆಯಲ್ಲಿ ಅವರು ಕಾಣುವುದಿಲ್ಲ. ಅವರಿದ್ದ ಕಾರಣಕ್ಕೇ ಹೇಳುವಂಥ ಅನಾಹುತವೇನೂ ನಡೆದಿರುವುದಿಲ್ಲ. ಅವರ ಅಂಗೈಯ ಪಕ್ಕ ಇನ್ನೊಂದು ಅಂಗೈ ಬಂದು ಕೂತರೆ ಸಾಕು, ಬೆಳಗಿನ ಆ ಒಂದು ಗಂಟೆ ಎರಡಾದೀತು.