ಖಾಲಿ ಕುರ್ಚಿಯ ವಾರ

"ಅಯ್ಯೋ, ಆ ಕುರ್ಚಿ ಬಿಡಪ್ಪಾ! ಕೆಳಗಿಡು ಅಂದ್ನಲ್ಲ, ಕೆಳಗಿಡು!"

ಟೈಲರಮ್ಮ ಕೂಗಿದ ರಭಸಕ್ಕೆ ಮೈದುನ ಬಾಗಿಲಲ್ಲೇ ನಿಂತುಬಿಟ್ಟ. ಅವನ ಕೈಯಲ್ಲಿದ್ದದ್ದು ಅಣ್ಣ ಓದುವ ಕೋಣೆಯಲ್ಲಿ ಕೂರುತ್ತಿದ್ದ ಮರದ ಕುರ್ಚಿ.

"ಹೊರಗೆ ವಯಸ್ಸಾದವ್ರು ನಿಂತೇ ಇದಾರೆ ಅತ್ತಿಗೆ. ಒಂದು ಕುರ್ಚಿ ತಾನೇ?"

"ನನ್ನ ಹೊಲಿಗೆ ಸ್ಟೂಲ್ ತಗೊಂಡು ಹೋಗು. ಬೇಕಾದ್ರೆ ಮಂಚಾನೂ ಎತ್ಕೊಂಡ್ಹೋಗು. ಇದನ್ನ ಮಾತ್ರ ಮುಟ್ಬೇಡ."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಕುರ್ಚಿಯೊಂದಕ್ಕೆ ಹೀಗೆ ಎಗರಾಡಿದ್ದು ಕಂಡು ನೆಂಟರು ಮುಖ ಮುಖ ನೋಡಿಕೊಂಡರು. ನಡುಮನೆಯಲ್ಲಿ ಪ್ರೊಫೆಸರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು, ಈ ಗಲಾಟೆಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ. ಆ ಬಟ್ಟೆಯ ಅಂಚು ಹೊಲಿದವಳೂ ಟೈಲರಮ್ಮನೇ. ಬೇರೆಯವರ ಕೈಗೆ ಕೊಡಲು ಮನಸ್ಸು ಬಂದಿರಲಿಲ್ಲ.

ಪ್ರೊಫೆಸರು ಎಂಬುದೆಲ್ಲ ಕಾಲೇಜಿಗಷ್ಟೇ. ಬೀದಿಯಲ್ಲಿ ಅವರು 'ಟೈಲರಮ್ಮನ ಗಂಡ'. ಸಾಫ್ಟ್‌ವೇರ್ ಕಟ್ಟುವವರ ತಲೆಯೊಳಗಿನ ತಿಳಿವಳಿಕೆ ಕಚೇರಿಯಲ್ಲಿ ಹೇಗೆ ಉಳಿಯುತ್ತದೆ, ಹೇಗೆ ಸೋರಿಹೋಗುತ್ತದೆ ಎಂಬುದು ಅವರ ಜೀವಮಾನದ ಸಂಶೋಧನೆ. ಹಾಗಂದರೇನು ಎಂದು ಯಾರಾದರೂ ಕೇಳಿದರೆ ಟೈಲರಮ್ಮ ಒಂದೇ ಮಾತಲ್ಲಿ ಮುಗಿಸುತ್ತಿದ್ದಳು: "ಒಬ್ರು ಬಿಟ್ಟುಹೋದ್ಮೇಲೆ ಏನೇನು ಕೆಟ್ಟು ಕೂರುತ್ತೆ ಅಂತ ನೋಡೋ ಕೆಲ್ಸ."

ಅಷ್ಟರಲ್ಲಿ 'ಗಂಟೆ' ಎಂಬ ಅಡ್ಡಹೆಸರಿನವನು ಬಂದ. ಗ್ರಂಥಾಲಯಗಳಿಗೆ ಪ್ರೋಗ್ರಾಂ ಬರೆದುಕೊಡುವ ತಂಡವೊಂದರ ಯಜಮಾನ, ಪ್ರೊಫೆಸರರ ಹಳೆಯ ಸ್ನೇಹಿತ. ಯಾವತ್ತೂ ಬೀದಿ ತುದಿಗೆ ಕೇಳುವಂತೆ ಮಾತಾಡುವ ಆಸಾಮಿ ಇವತ್ತು ಪಿಸುಗುಟ್ಟುತ್ತಿದ್ದ. ಹೆಣದ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಮೈದುನನ ಪಕ್ಕ ಬಂದು ಕೂತ.

"ಆ ಕುರ್ಚಿ ವಿಷಯ ನಿಮಗೆ ಗೊತ್ತಿಲ್ವಾ? ನಿಮ್ಮಣ್ಣ ಸಂಶೋಧನೆಗೆ ಅಂತ ನಮ್ಮ ಆಫೀಸಿಗೆ ಬಂದವ್ರು ಮೊದಲು ನನ್ನನ್ನೇ ಮನೆಗೆ ಕಳಿಸಿದ್ರು ಕಣ್ರೀ. ಒಂದು ವಾರ ಈ ಕಡೆ ತಲೆ ಹಾಕ್ಬೇಡಿ ಅಂತ. ಹುಡುಗ್ರು ನನಗೆ ಫೋನ್ ಮಾಡೋ ಹಾಗಿಲ್ಲ. 'ಬನ್ನಿ' ಅಂತ ಕರೆಯೋ ಹಾಗಂತೂ ಇಲ್ವೇ ಇಲ್ಲ. ನಾನಿಲ್ದೆ ಏನು ನಿಂತ್ಹೋಯ್ತೋ ಅದನ್ನ ಹಳದಿ ಚೀಟೀಲಿ ಬರೆದು ನನ್ನ ಕುರ್ಚಿಗೆ ಅಂಟಿಸ್ಬೇಕು. ವಾಪಸ್ ಬಂದು, ಒಂದೊಂದಕ್ಕೂ ಉತ್ತರ ಹೇಳಿ, ನಾನೇ ಕೀಳ್ಬೇಕು."

"ಚೀಟಿ ಬಿತ್ತಾ?"

"ಕುರ್ಚಿ ಬಣ್ಣಾನೇ ಕಾಣ್ತಿರ್ಲಿಲ್ಲ! ಹೊಸ ಪ್ರೋಗ್ರಾಂ ಹಾಕೋ ಮುಂಚೆ ಹಳೇದನ್ನ ಎರಡು ಸಲ ನಿಲ್ಲಿಸ್ಬೇಕು, ಒಂದೇ ಸಲಕ್ಕೆ ಅದು ನಿಲ್ಲೋ ಪ್ರಾಣಿಯಲ್ಲ. ಇದು ನನಗೊಬ್ಬನಿಗೇ ಗೊತ್ತಿದ್ದಿದ್ದು. ಆದ್ರೆ ಜಾಸ್ತಿ ಚೀಟಿ ಬಿದ್ದಿದ್ದು ಯಾವುದಕ್ಕೆ ಹೇಳಿ? ಊಟಕ್ಕೆ ಯಾವಾಗ ಏಳ್ಬೇಕೋ ತಿಳೀತಿಲ್ಲ ಅಂತ! ನಾನು ಕೂಗಿದ್ರೇನೇ ಅವರು ಏಳ್ತಿದ್ದಿದ್ದು. ಅವತ್ತಿಂದ ನನ್ನ ಹೆಸರು ಗಂಟೆ."

ಮೈದುನನಿಗೆ ನಗು ಬಂತು. ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಗಂಟೆ ಟೈಲರಮ್ಮನ ಕಡೆ ತಿರುಗಿದ.

"ಅಮ್ಮಾ, ಪ್ರೊಫೆಸರು ಮನೇಲೂ ಒಂದ್ಸಲ ಈ ಪರೀಕ್ಷೆ ಮಾಡಿದ್ರಂತಲ್ಲ. ಏನಾಯ್ತು ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ. 'ಆ ಮಾಹಿತಿ ಇನ್ನೂ ಬಂದಿಲ್ಲ' ಅನ್ನೋರು."

ಟೈಲರಮ್ಮ ಎದ್ದು ಒಳಗೆ ಹೋದಳು.

* * *

ವರ್ಷಗಳ ಹಿಂದಿನ ಆ ಪರೀಕ್ಷೆಯ ವಾರ ಪ್ರೊಫೆಸರು ತಮ್ಮನ ಮನೆಗೆ ಹೋಗಿದ್ದರು. ಹೊರಡುವಾಗ ಹಳದಿ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಸುಳ್ಳು ಬರೀಬೇಡ, ನಿಜಾನೂ ಬಚ್ಚಿಡ್ಬೇಡ" ಎಂದು ನಕ್ಕಿದ್ದರು.

ಮನೆಯೇನೋ ಸಲೀಸಾಗಿ ನಡೆಯಿತು. ಬಲ್ಬು ಹೋದರೆ ಅವಳೇ ಹಾಕಿದಳು, ನಲ್ಲಿ ಸೋರಿದರೆ ಅವಳೇ ಬಿಗಿದಳು. ಒಂದೇ ಒಂದು ತಾಪತ್ರಯ. ಅವಳು ಕಾಫಿ ಮಾಡಿದರೆ ಯಾವತ್ತೂ ಅರ್ಧ ಲೋಟ ಮಿಗುತ್ತಿತ್ತು. ಆ ಅರ್ಧವನ್ನು ಕುಡಿಯುವುದಕ್ಕೆಂದೇ ಪ್ರೊಫೆಸರು ಎರಡನೇ ಸಲ ಬಂದು ಹೊಲಿಗೆ ಮೆಷಿನ್ನಿನ ಪಕ್ಕ ನಿಲ್ಲುತ್ತಿದ್ದರು. ಆಗ ಅವಳ ಕಾಲು ತುಳಿಯುವುದನ್ನು ನಿಲ್ಲಿಸುತ್ತಿತ್ತು, ಇಬ್ಬರೂ ಬೇಡದ ಮಾತೆಲ್ಲ ಆಡುತ್ತಿದ್ದರು. ಆ ವಾರ ದಿನಾ ಅದನ್ನು ಸಿಂಕಿಗೆ ಚೆಲ್ಲಿ ಅವಳು ಮೆಷಿನ್ನಿಗೆ ವಾಪಸಾಗುತ್ತಿದ್ದಳು. ಬರೆಯೋಣ ಎಂದು ಪೆನ್ನು ಹಿಡಿದದ್ದೂ ಉಂಟು. ಕಾಫಿಯಂಥ ಕಾಫಿಯನ್ನು ಏನಂತ ಬರೆಯುವುದು? ಬರೆದರೆ ಈ ಮನುಷ್ಯ ತಲೆ ಮೇಲೆ ಕೂರುತ್ತಾರೆ ಎಂದುಕೊಂಡು ಪೆನ್ನು ಕೆಳಗಿಟ್ಟಳು.

ಅವರು ಬಂದವರೇ ಚಪ್ಪಲಿಯನ್ನೂ ಬಿಡದೆ ಕೋಣೆಗೆ ನುಗ್ಗಿದರು. ಕುರ್ಚಿಯ ಸುತ್ತ ಬಂದರು. ಬಗ್ಗಿ ಅಡಿಯಲ್ಲೂ ನೋಡಿದರು.

"ಒಂದೂ ಇಲ್ವೇನೇ?"

"ಏನೂ ನಿಲ್ಲಲಿಲ್ಲ ರೀ. ಬೇಕಿದ್ರೆ ಇನ್ನೊಂದು ವಾರ ಇದ್ದು ಬನ್ನಿ."

ಪ್ರೊಫೆಸರು ಜೋರಾಗಿ ನಕ್ಕರು. ನಗುತ್ತಲೇ ಕೂತು, ಬೆನ್ನ ಹಿಂದೆ ಕೈ ಹಾಕಿ ಇನ್ನೊಮ್ಮೆ ತಡವಿದ್ದನ್ನು ಅವಳು ಬಾಗಿಲ ಮರೆಯಿಂದ ನೋಡಿದಳು.

ಕೊನೆಯ ಸಲ ಆಸ್ಪತ್ರೆ ಸೇರಿದಾಗಲೂ ಅವರದು ಅದೇ ಮಾತು. "ಈ ಸಲಾನಾದ್ರೂ ಒಂದು ಚೀಟಿ ಅಂಟಿಸ್ತೀಯಾ?"

"ಬಾಯಿ ಮುಚ್ಕೊಂಡು ಮಲಕ್ಕೊಳ್ಳಿ. ನಾಳಿದ್ದು ಮನೆಗೆ ಹೋಗೋರು ನೀವು."

* * *

ಪ್ರೊಫೆಸರರನ್ನು ಸ್ಮಶಾನಕ್ಕೆ ಕಳಿಸಿದ್ದಾಯಿತು. ಸಂಜೆಗೆ ನೆಂಟರು ಒಬ್ಬೊಬ್ಬರಾಗಿ ಹೊರಟರು. ಗಂಟೆ ಗೇಟಿನ ತನಕ ಹೋಗಿ ತಿರುಗಿ ಬಂದು, "ಏನಾದ್ರೂ ಬೇಕಾದ್ರೆ ಹೇಳಿ ಅಮ್ಮಾ" ಎಂದ. ಮೈದುನ ನಡುಮನೆಯಲ್ಲಿ ಗೋಡೆಗೊರಗಿ ಹಾಗೇ ನಿದ್ದೆಹೋದ.

ಟೈಲರಮ್ಮ ಕಾಫಿಗಿಟ್ಟಳು. ಒಂದು ಲೋಟ ಬಗ್ಗಿಸಿಕೊಂಡು ಪಾತ್ರೆ ನೋಡಿದರೆ, ಅರ್ಧ ಲೋಟ ಮಿಕ್ಕಿತ್ತು. ಚೆಲ್ಲಲು ಸಿಂಕಿನ ತನಕ ಒಯ್ದವಳಿಗೆ ಕೈ ಬಗ್ಗಲಿಲ್ಲ. ಅಲ್ಲೇ ನಿಂತು ಗೊಳೋ ಎಂದು ಅತ್ತಳು. ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಮನಸಾರೆ ಅತ್ತಳು.

ಆಮೇಲೆ ಮಿಕ್ಕದ್ದನ್ನು ಅವರ ಲೋಟಕ್ಕೆ ಬಗ್ಗಿಸಿ ಓದುವ ಕೋಣೆಗೆ ತಂದಳು. ಡ್ರಾಯರಿನಲ್ಲಿ ಹಳದಿ ಕಟ್ಟು ಹಾಗೇ ಇತ್ತು. 'ಅರ್ಧ ಲೋಟ ಮಿಕ್ಕಿದೆ' ಎಂದು ಬರೆದಳು. ಕರೆಯುವ ಹಾಗಿಲ್ಲ ಎಂಬ ನಿಯಮ ಗೊತ್ತಿದ್ದೂ ಕೆಳಗೆ 'ಬನ್ನಿ' ಎಂದು ಸೇರಿಸಿದಳು.

ಚೀಟಿ ಕುರ್ಚಿಗೆ ಅಂಟಲಿಲ್ಲ. ಇಷ್ಟು ವರ್ಷಕ್ಕೆ ಗೋಂದು ಒಣಗಿಹೋಗಿತ್ತು. ಒತ್ತಿದರೆ ಉದುರಿತು, ಮತ್ತೆ ಒತ್ತಿದರೆ ಮತ್ತೆ ಉದುರಿತು.

ಅವಳು ಸೂಜಿದಾರ ತಂದಳು. ಆ ಕುರ್ಚಿಗೆಂದು ತಾನೇ ಹೊಲಿದಿದ್ದ ದಿಂಬಿನ ಮೇಲೆ ಚೀಟಿಯಿಟ್ಟು, ಅಳತೆ ನೋಡಲು ಹಾಕುವ ಕಚ್ಚಾ ಹೊಲಿಗೆ ಹಾಕಿದಳು, ಒಂದೇ ಎಳೆತಕ್ಕೆ ಬಿಚ್ಚಿಬರುವಂಥದ್ದು. ಗಂಟು ಹಾಕಲಿಲ್ಲ. ಹಿಡಿದು ಎಳೆಯಲು ಅವರ ಕೈಗೆ ಸಿಗಲಿ ಎಂದು ದಾರದ ತುದಿಯನ್ನು ಉದ್ದಕ್ಕೆ ಬಿಟ್ಟಳು.