ಕೆಂಪು ಪೈಪಿಗೆ ಗಂಗೆಪೂಜೆ

೧

ಈ ಕಥೆಯನ್ನು ಬೆಂಕಿಯಿಂದ ಶುರು ಮಾಡಲೋ, ನೀರಿನಿಂದಲೋ? ಮೊದಲು ಬೆಂಕಿಯಿಂದಲೇ ಮಾಡಿದ್ದೆ. ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪ, ಮುಹೂರ್ತದ ಹೊತ್ತು, ಅಡುಗೆಮನೆಯಿಂದ ಹೊಗೆ. ಒಂದು ಪುಟ ಚೆನ್ನಾಗಿಯೇ ಉರಿಯಿತು. ಅಷ್ಟರಲ್ಲಿ ಮಂಟಪದ ಮಾಲೀಕ ಶಂಭುಲಿಂಗಪ್ಪ ಕಥೆಯೊಳಗಿಂದಲೇ ತಕರಾರು ತೆಗೆದರು. ಬೆಂಕಿ ಹಾಕಲೇಬೇಕು ಅಂತಿದ್ದರೆ ಎದುರಿನ ಮಂಟಪಕ್ಕೆ ಹಾಕಿ, ನಮ್ಮದು ಈ ಸೀಸನ್ ಪೂರ್ತಿ ಬುಕ್ ಆಗಿದೆ ಎಂದರು. ಪುಟ ಹರಿದುಹಾಕಿದೆ.

೧ (ಮತ್ತೆ)

ಸರಿ, ನೀರಿನಿಂದ. ಆ ಮಂಟಪದ ಪಂಪು, ಪೈಪು ನೋಡಿಕೊಳ್ಳುವವನು ಬೇಗೂರಿನ ಮಾದೇಶ್. ಚಾವಣಿಯ ಉದ್ದಕ್ಕೂ ಕೆಂಪು ಪೈಪು, ಅದರಲ್ಲಿ ಅಲ್ಲಲ್ಲಿ ಸ್ಪ್ರಿಂಕ್ಲರ್. ಬೆಂಕಿಯ ಕಾವು ತಗುಲಿದರೆ ಅದರ ಬಾಯಿ ತಾನಾಗಿಯೇ ತೆರೆದು ನೀರು ಸುರಿಯಬೇಕು. ಸುರಿಯಬೇಕಾದರೆ ಪೈಪಿನೊಳಗೆ ಸದಾ ಪ್ರೆಷರ್ ಇರಬೇಕು. ಮೀಟರಿನಲ್ಲಿ ಏಳು ಇರಬೇಕಾದ ಮುಳ್ಳು ಈಗ ಮೂರರಲ್ಲಿ ಮಲಗಿದೆ. ಪೈಪು ತುಕ್ಕು ತಿಂದು ತೂತು ಬಿದ್ದಿದೆ. ಒಂದಕ್ಕೆ ಏನಾದರೂ ಮೆತ್ತಿದರೆ ಪಕ್ಕದಲ್ಲಿ ಇನ್ನೊಂದು. ಪೈಪು ಬದಲಿಸುವುದೆಲ್ಲ ಸೀಸನ್ ಮುಗಿದ ಮೇಲೆ ಎಂದು ಶಂಭುಲಿಂಗಪ್ಪನವರು ಹೇಳಿಯಾಗಿದೆ. ಇವತ್ತು ಮೀಟರ್ ನೋಡಲು ಅಗ್ನಿಶಾಮಕ ಇಲಾಖೆಯ ಆಫೀಸರು ಬರುತ್ತಾರೆ. ಏಳು ಕಾಣದಿದ್ದರೆ ಮಂಟಪಕ್ಕೆ ಬೀಗ.

(ಇಷ್ಟು ಎಂಜಿನಿಯರಿಂಗ್ ಸಹಿಸಿಕೊಳ್ಳಿ ಓದುಗರೇ. ಯೂಟ್ಯೂಬ್ ನೋಡಿ ಕಲಿತದ್ದು, ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.)

೨

ತುಕ್ಕು ಇಷ್ಟು ಬೇಗ ಹಿಡಿಯಲು ಭಕ್ತಿಯೇ ಕಾರಣ. ಮದುವೆಯಲ್ಲಿ ಹೆಂಗಸರು ಗಂಗೆಪೂಜೆ ಮಾಡಿ ಬಿಂದಿಗೆಯಲ್ಲಿ ನೀರು ತರುವ ಶಾಸ್ತ್ರವಿದೆಯಲ್ಲ, ಹಿತ್ತಿಲ ಬಾವಿ ಮುಚ್ಚಿ ಪಾರ್ಕಿಂಗ್ ಮಾಡಿದ ಮೇಲೆ ಆ ಶಾಸ್ತ್ರ ನಲ್ಲಿಗೆ ಬಂತು. ನಲ್ಲಿಯೋ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲೇ ಕೆಂಪು ಪೈಪಿನ ತುದಿಗೆ, ಟೆಸ್ಟ್ ಮಾಡಲೆಂದು ಇಟ್ಟ ಒಂದು ಸಣ್ಣ ವಾಲ್ವು. ಯಾವಳೋ ಪುಣ್ಯಾತ್ಗಿತ್ತಿ ತಿರುಗಿಸಿದಳು, ಗಂಗೆ ಧುಮುಕಿದಳು. ಅಂದಿನಿಂದ ಪ್ರತಿ ಮದುವೆಗೂ ಅದಕ್ಕೇ ಅರಿಶಿನ, ಕುಂಕುಮ, ಹೂವು. ಮೊದಲ ಬಿಂದಿಗೆಗೆ ಕಪ್ಪನೆಯ ನಾರುವ ನೀರು ಬರುತ್ತಿತ್ತು. ದೃಷ್ಟಿ ಕಳೆಯಿತೆಂದು ಅದನ್ನು ಚೆಲ್ಲಿ ಎರಡನೆಯದನ್ನು ಹೊತ್ತುಕೊಂಡು ಹೋಗುತ್ತಿದ್ದರು.

ನಿಂತ ನೀರಿನಲ್ಲಿ ಗಾಳಿಯಂಶ ತೀರಿದರೆ ತುಕ್ಕೂ ನಿಧಾನವಾಗುತ್ತದಂತೆ. ಇಲ್ಲಿ ಮದುವೆಗೊಮ್ಮೆ ಹೊಸ ನೀರು, ಹೊಸ ಗಾಳಿ. ಮಾದೇಶ್ ಒಮ್ಮೆ ತಡೆಯಲು ಹೋಗಿ, ಗಂಗಮ್ಮನನ್ನು ಬೇಡ ಅನ್ನಲು ನೀನ್ಯಾರು ಎಂದು ಉಗಿಸಿಕೊಂಡು ಬಂದಿದ್ದ.

೪

(ಮೂರು ಇಲ್ಲ. ಅದರಲ್ಲಿ ನೀರಿನ ಬಗ್ಗೆ ನನ್ನ ತತ್ವಚಿಂತನೆಯಿತ್ತು. ಓದಿ ಹೇಳಿದಾಗ ಮಾದೇಶ್ ಆಕಳಿಸಿದ.)

ಅವನ ಎದೆಯಲ್ಲಿರುವುದು ಬೇರೆ. ಬರುವ ಭಾನುವಾರ ಇದೇ ಮಂಟಪದಲ್ಲಿ ಅವನ ಮಗಳು ಶಿವರಂಜಿನಿಯ ಮದುವೆ. ಅವರ ಬೀದಿಯ ಜನ ಈತನಕ ಇಲ್ಲಿಗೆ ಬಂದದ್ದೆಲ್ಲ ಹಿಂಬಾಗಿಲಿನಿಂದ, ಎಂಜಲೆಲೆ ಎತ್ತಲು, ಹಂಡೆ ಉಜ್ಜಲು. ಹೆಂಡತಿ ಸಣ್ಣತಾಯಮ್ಮ ಇಲ್ಲೇ ಪಾತ್ರೆ ತೊಳೆದು ಸೊಂಟ ಹಿಡಿಸಿಕೊಂಡವಳು. ಈ ಸಲ ಮುಂಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು ಬಂದು ಮೊದಲ ಸಾಲಿನ ಸೋಫಾದಲ್ಲಿ ಕೂರುತ್ತೇನೆ, ಯಾರು ಏಳು ಅಂದರೂ ಏಳುವುದಿಲ್ಲ ಎಂದು ಬೀದಿಗೆಲ್ಲ ಸಾರಿಟ್ಟಿದ್ದಾಳೆ. ಬೀಗ ಬಿದ್ದರೆ ಅದೆಲ್ಲ ಹೋಯಿತು.

೫

ಪಂಪ್ ರೂಮಿನಲ್ಲಿ ಒಂದು ದೊಡ್ಡ ವಾಲ್ವಿದೆ. ಅದನ್ನು ಮುಚ್ಚಿ ಪಂಪು ಹಾಕಿದರೆ ಮಂಟಪದ ಪೈಪುಗಳಿಗೆ ನೀರೇ ಹೋಗದು, ಆದರೆ ವಾಲ್ವಿನ ಈಚೆ, ಪಂಪಿನ ಬದಿಗಿರುವ ಮೀಟರ್ ಏಳು ತೋರಿಸುತ್ತದೆ. ಆಫೀಸರು ಹೋದ ಮೇಲೆ ತೆರೆದರೂ ಮತ್ತೆ ಅದೇ ಮೂರು. ಆಫೀಸರು ಮಹಡಿ ಹತ್ತಿ ಪೈಪಿನಲ್ಲಿ ನೀರಿದೆಯೇ ಎಂದು ನೋಡಿದರೆ? ಹತ್ತುವುದಿಲ್ಲ, ಅವರಿಗೆ ಮೊಣಕಾಲು ನೋವು. (ನೋವು ಕೊಟ್ಟವನು ನಾನೇ, ಕಥೆಯ ಅನುಕೂಲಕ್ಕೆ. ಸಾರಿ ಸಾರ್.)

ಮೊಣಕಾಲು ನೋವು ಕೊಡುವಷ್ಟು ಕೈ ಇರುವವರು ಒಂದು ಸಾಲು ಗೀಚಿ ಪೈಪು ಹೊಸದು ಮಾಡಬಾರದೇ ಎಂದು ಮಾದೇಶ್ ನನ್ನನ್ನೇ ತರಾಟೆಗೆ ತೆಗೆದುಕೊಂಡ. ಹಾಗೆಲ್ಲ ಬರೆದರೆ ಓದುಗರು ಬಯ್ಯುತ್ತಾರೆ ಎಂದೆ. ನಿಮ್ಮ ಓದುಗರೇನು ನನ್ನ ಬೀಗರೇ ಎಂದ. ಬದಲಿಗೆ ಎರಡು ಮುಕ್ತಾಯ ಬರೆದುಕೊಟ್ಟೆ.

ಮುಕ್ತಾಯ ಅ: ಮುಚ್ಚುತ್ತಾನೆ. ಮೀಟರ್ ಏಳು. ಭಾನುವಾರ ಬೀದಿಗೆ ಬೀದಿಯೇ ಮುಂಬಾಗಿಲಿನಿಂದ ಬರುತ್ತದೆ. ಬೆಂಕಿ ಗಿಂಕಿ ಏನೂ ಆಗುವುದಿಲ್ಲ. ಮಾದೇಶ್ ಮಾತ್ರ ಧಾರೆ ಎರೆಯುವಾಗಲೂ ಮಗಳ ಮುಖ ಬಿಟ್ಟು ಚಾವಣಿಯನ್ನೇ ನೋಡುತ್ತಿರುತ್ತಾನೆ.

ಮುಕ್ತಾಯ ಆ: ಮುಚ್ಚುವುದಿಲ್ಲ. ಮೂರು. ಬೀಗ. ಬೇಗೂರಿನ ಬೀದಿಯಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಸಣ್ಣತಾಯಮ್ಮ ಗಂಡನಿಗೆ ಬಯ್ಯುವುದೂ ಇಲ್ಲ.

ಅವನು ಎರಡನ್ನೂ ಓದಿ ಹಿಂದಕ್ಕೆ ಕೊಟ್ಟ.

"ನಿಮ್ಗ ಎಲ್ಡು ಕ್ಲೈಮ್ಯಾಕ್ಸ್ ಅವ ಸಾ. ನಂಗ ಒಬ್ಳೇ ಮಗ್ಳು."

೬

ಹೊರಗೆ ಜೀಪು ನಿಂತ ಸದ್ದು. ಮಾದೇಶ್ ವಾಲ್ವಿನ ಚಕ್ರ ಹಿಡಿದು ತಿರುಗಿಸಿದ. ಅದಕ್ಕೂ ತುಕ್ಕು, ಅಲುಗಲಿಲ್ಲ. ಒಬ್ಬನಿಂದ ಆಗದು, ಕೈ ಹಾಕಿ ಎಂದ. ಪೆನ್ನು ಕೆಳಗಿಟ್ಟು ಕೈ ಹಾಕಿದೆ. (ಎರಡೂ ಕೈ ಚಕ್ರದ ಮೇಲಿದ್ದರೆ ಇದನ್ನು ಬರೆಯುತ್ತಿರುವವರು ಯಾರು ಎಂದು ದಯವಿಟ್ಟು ಕೇಳಬೇಡಿ.) ಕುಂಟುವ ಹೆಜ್ಜೆ ಪಂಪ್ ರೂಮಿನ ಕಡೆಗೇ ಬರುತ್ತಿತ್ತು. ಜೋರು ಹಾಕೋಣ ಎಂದೆ. ಅವನು ಹಾಕಲಿಲ್ಲ, ನನ್ನ ಮುಖವನ್ನೇ ನೋಡಿದ.

"ಆಫೀಸ್ರು ಕತೆ ಅತ್ಲಾಗಿರ್ಲಿ. ಇದ ಮುಚ್ಬುಟ್ರ, ಭಾನ್ವಾರ ನಿಮ್ ಮಕ್ಳ ಕರ್ಕೊಂಡು ಬತ್ತೀರಾ ಮದ್ವಗ? ಅದೊಂದ ಏಳ್ಬುಡಿ."

ಬಾಗಿಲು ಬಡಿದರು. ನಾನು ಚಕ್ರ ಬಿಡಲಿಲ್ಲ, ತಿರುಗಿಸಲೂ ಇಲ್ಲ.